ಕಸ್ತೂರಕ್ಕನ ಕಪ್ಪು ಸ್ಕ್ರೀನ್

ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿ. ಅಲ್ಲಿ ಬಿಲ್ ಹೊಡೆಯುವವಳು ಕಸ್ತೂರಕ್ಕ...

ಅವಳ ಕಂಪ್ಯೂಟರ್ ನೋಡಿದರೆ ನೀವು ನಕ್ಕುಬಿಡುತ್ತೀರಿ. ಕಪ್ಪು ಸ್ಕ್ರೀನ್, ಹಸಿರು ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ.

ಆದರೆ ಅವಳ ಬೆರಳು ನೋಡಬೇಕು ನೀವು! ಫೋನಿನಲ್ಲಿ ಗಿರಾಕಿ "ಸಕ್ಕರಿ ಎರಡು ಚೀಲ, ಅವಲಕ್ಕಿ..." ಅನ್ನುವಷ್ಟರಲ್ಲಿ ಬಿಲ್ ರೆಡಿ.

ಅವಳದೊಂದು ಗುಟ್ಟಿತ್ತು... ಎರಡು ವರ್ಷದಿಂದ ಕಣ್ಣು ಮಂಜಾಗುತ್ತಿತ್ತು. ಕನ್ನಡಕದಿಂದ ಸರಿಹೋಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಬೆರಳಿಗೆ ದಾರಿ ಗೊತ್ತಿತ್ತು, ಹಾಗಾಗಿ ಕೆಲಸ ನಡೆಯುತ್ತಿತ್ತು. ವಿಷಯ ಗೊತ್ತಾದರೆ ಸಾಹುಕಾರರು ಮನೆಗೆ ಕಳಿಸುತ್ತಾರೆ ಅನ್ನೋ ಭಯ. ಸಂಸಾರ ನಡೆಯುತ್ತಿದ್ದದ್ದೇ ಈ ಕೆಲಸದಿಂದ.

ಸಾಹುಕಾರ ಚನ್ನಬಸಪ್ಪನವರದ್ದು ಇನ್ನೊಂದು ಕಾಟ. ಪ್ರಿಂಟರಿನಿಂದ ಬಿಲ್ ಬಂದರೆ ಸಾಕು, ಇಡೀ ಓಣಿಗೆ ಕೇಳುವ ಹಾಗೆ ಓದುತ್ತಿದ್ದರು.

'ಈ ಮುದುಕರಿಗೆ ನನ್ನ ಮೇಲೆ ನಂಬಿಕೆಯೇ ಹೋಗಿದೆ' ಅಂತ ಒಳಗೊಳಗೇ ಗೊಣಗುತ್ತಿದ್ದಳು. ಆದರೂ ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತಿದ್ದಳು.

ಒಂದು ದಿನ ತಬಸ್ಸುಮ್ ಅನ್ನೋ ಸಾಫ್ಟ್‌ವೇರ್ ಹುಡುಗಿ ಬಂದಳು. ಊರೂರಿನ ಅಂಗಡಿಯವರು ಮೊಬೈಲಿನಲ್ಲೇ ಆರ್ಡರ್ ಹಾಕುವಂಥ ಹೊಸ ವೆಬ್ ಸ್ಕ್ರೀನ್ ಮಾಡಿದ್ದಳು.

"ಅಕ್ಕಾರ, ಒಂದು ಆರ್ಡರ್ ಹಾಕಿ ನೋಡ್ರಿ" ಅಂತ ತನ್ನ ಲ್ಯಾಪ್‌ಟಾಪಿನ ಮೌಸ್ ಕೈಗಿತ್ತಳು.

ಕಸ್ತೂರಕ್ಕನಿಗೆ ಬಾಣದ ಗುರುತೇ ಕಾಣಲಿಲ್ಲ. ಎಲ್ಲಾ ಬಣ್ಣ ಬಣ್ಣದ ಮಂಜು... ಉದ್ದಿನಬೇಳೆ ಒತ್ತಲು ಹೋಗಿ ಸಾಬೂನು ಒತ್ತಿದಳು.

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಅನ್ನಿಸಿತು. ಕುರ್ಚಿಯ ಮೇಲಿನ ದಿಂಬು ತೆಗೆದಳು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

"ಸಾಹುಕಾರ್ರ, ಈ ಹೊಸಾದು ನನ್ನ ಕೈಲಿ ಆಗಂಗಿಲ್ರಿ. ನಾ ಬರ್ತೀನ್ರಿ" ಅಂದಳು.

ತಬಸ್ಸುಮ್ ಗಾಬರಿಯಾದಳು. "ಅಯ್ಯೋ ಅಕ್ಕಾರ, ಇದು ಗಿರಾಕಿಗಳಿಗೆ ಮಾಡಿದ್ದು! ನಿಮ್ಮ ಕಪ್ಪು ಸ್ಕ್ರೀನ್ ಎಲ್ಲೂ ಹೋಗಲ್ಲ. ಅವರು ಹಾಕಿದ ಆರ್ಡರ್ ನಿಮ್ಮ ಸ್ಕ್ರೀನಿಗೇ ಬರ್ತದೆ. ಅಕ್ಕನ ಬೆರಳಿನ ಕೆಳಗಿನ ಕೀಬೋರ್ಡಿನ ಒಂದು ಬಟನ್ನೂ ಬದಲಾಗಬಾರದು ಅಂತ ಸಾಹುಕಾರ್ರು ಮೊದಲೇ ಹೇಳ್ಯಾರ."

"ಯಾಕ್ರಿ?" ಕಸ್ತೂರಕ್ಕ ಸಾಹುಕಾರರ ಕಡೆ ತಿರುಗಿದಳು.

"ನಿನ್ನ ಕಣ್ಣು ಮಂಜಾಗಿ ಎರಡು ವರ್ಷ ಆತಲ್ಲ, ಅದಕ್ಕ" ಅಂದರು ಅವರು, ಏನೂ ಆಗದವರ ಹಾಗೆ.

ಕಸ್ತೂರಕ್ಕ ಚೀಲ ಕೆಳಗಿಟ್ಟಳು. "ನಿಮಗ ಹೆಂಗ ಗೊತ್ತಾತ್ರಿ?"

"ಒಂದಿನ ಬಿಲ್ಲು ತಲೆಕೆಳಗ ಹಿಡಕೊಂಡು, 'ಎಲ್ಲಾ ಸರಿ ಐತ್ರಿ' ಅಂತ ಗೋಣು ಹಾಕಿದ್ದಿ. ನಗು ತಡಕೊಳ್ಳಾಕ ನಾ ಗೋಡೌನಿಗೆ ಹೋಗಿದ್ದೆ... ಅಲ್ಲಿ ಹೋದಮ್ಯಾಲ ಅಳು ಬಂತು ನೋಡವ್ವ."

ಪ್ರಿಂಟರಿನ ಕಡೆ ನೋಡುತ್ತಾ ಅಂದರು... "ಅವತ್ತಿಂದನ ನಾ ಜೋರಾಗಿ ಓದಾಕತ್ತಿದ್ದು. ನಿನಗ ಕೇಳಲಿ ಅಂತ."

ಎರಡು ವರ್ಷ ಅವಳು ಗೊಣಗಿದ್ದು ಇದಕ್ಕಾ...!

ಕಸ್ತೂರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ತಲೆಕೆಳಗಿನ ಬಿಲ್ಲು ನೆನಪಾಗಿ ನಗು ಬಂತು. ತಬಸ್ಸುಮ್ ಕೂಡ ನಕ್ಕಳು, ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಕಪ್ಪು ಸ್ಕ್ರೀನ್ 'ಟಿಣ್' ಅಂದಿತು. ಯಾವುದೋ ಊರಿನ ಅಂಗಡಿಯಿಂದ ಮೊದಲ ಮೊಬೈಲ್ ಆರ್ಡರ್!

ದಿಂಬು ಮತ್ತೆ ಕುರ್ಚಿಗೆ ಬಂತು. ತಬಸ್ಸುಮ್ ಆರ್ಡರ್ ಓದಿ ಹೇಳಿದಳು, ಬೆರಳು ಓಡಿತು, ಬಿಲ್ ಹೊರಬಂತು.

ಸಾಹುಕಾರರು ಕಾಗದ ಹರಿದುಕೊಂಡು ಗಂಟಲು ಸರಿಮಾಡಿಕೊಂಡರು. "ನಾ ಸೀದಾ ಹಿಡಿದೀನಿ ಮತ್ತ... ಅವಲಕ್ಕಿ ನಾಕು ಚೀಲ!"

"ಎಲ್ಲಾ ಸರಿ ಐತ್ರಿ" ಅಂದಳು ಕಸ್ತೂರಕ್ಕ, ಬಾಯಿ ತುಂಬಾ ನಗುತ್ತಾ.

.
.

*ಹೊಸಬರಿಗೆ ಬಾಗಿಲು ತೆಗೆಯಿರಿ... ಆದರೆ ಹಳಬರು ನಡೆದು ಬರುವ ಬಾಗಿಲನ್ನು ಮುಚ್ಚಬೇಡಿ.*

ಕಾಟ ಅಂದುಕೊಂಡ ಯಾರದೋ ಜೋರು ದನಿ, ನಿಮ್ಮನ್ನು ಕಾಯುತ್ತಿರುವ ದನಿಯೂ ಆಗಿರಬಹುದಲ್ಲವೇ?