ಈಜುರೆಕ್ಕೆಯೊಳಗಿನ ಎಲುಬು

ಹೊಸ ಹತ್ತಿಯ ವಾಸನೆ ಬಂದರೆ ಈಗಲೂ ಅಜ್ಜನ ತೋಳು ನೆನಪಾಗುತ್ತದೆ.

ಆ ಮಧ್ಯಾಹ್ನ ಹುಬ್ಬಳ್ಳಿಯ ನಮ್ಮ ಹತ್ತಿ ಅಂಗಡಿಯಲ್ಲಿ ಕೂತು, ಕೋಟ್ಯಂತರ ವರ್ಷಗಳ ಹಿಂದೆ ಅಳಿದ ಕಡಲಪ್ರಾಣಿ ಇಕ್ತಿಯೋಸಾರ್‌ನ ಚಿತ್ರ ಬರೆಯುತ್ತಿದ್ದೆ.

ಕಾಕಾ ಬಗ್ಗಿ ನೋಡಿ, “ಮೀನು ಛಲೋ ಬಂದೈತಿ,” ಎಂದರು.

“ಮೀನಲ್ರೀ ಕಾಕಾ, ಮೊಸಳಿ ಹಂಗ ಸರೀಸೃಪ.”

ಕಾಕಾ ಜೋರಾಗಿ ನಕ್ಕರು. ದರ್ಜೆ ತಿಳಿಯಲು ಹತ್ತಿಯ ಎಳೆ ಎಳೆದು ಉದ್ದ ನೋಡುತ್ತಿದ್ದ ಅಜ್ಜ ನಗಲಿಲ್ಲ. “ಹೆಂಗ ಹೇಳ್ತಿ?” ಎಂದರು.

ಅವರ ತೋಳನ್ನೇ ಹಿಡಿದು ತೋರಿಸಿದೆ: ಮೇಲೊಂದು ಎಲುಬು, ಕೆಳಗೆರಡು, ಆಮೇಲೆ ಬೆರಳು. “ಇದರ ಈಜುರೆಕ್ಕಿ ಒಳಗೂ ಹಿಂಗ ಅದಾವು ಅಜ್ಜಾ. ಉಸಿರಾಡಾಕ ನೀರಿನ ಮ್ಯಾಲ ಬರ್ತಿತ್ತು.”

ಅಜ್ಜ ಕಾಕಾನತ್ತ ತಿರುಗಿದರು. “ನೀ ಮ್ಯಾಲಿನ ಬಣ್ಣಾ ನೋಡಿದಿ. ಇಕಿ ಎಳಿ ಎಳದು ನೋಡ್ಯಾಳ.”

ಆಮೇಲೆ, ಪರೀಕ್ಷಿಸಲು ಕಾಕಾನಿಗೂ ಎಂದೂ ಕೊಡದ ಹತ್ತಿಯನ್ನು ನನ್ನ ಅಂಗೈಯಲ್ಲಿಟ್ಟರು. “ಇದು ಯಾವ ದರ್ಜೇದು, ನೀ ಹೇಳವಾ.”