ಹಿಂದಿನ ಸೀಟಿನವರು

“ಸಪ್ಪಳ ಆಗಬಾರದು ಅಂದ್ರರಿ. ಅದನ್ನ ಮತ್ತ ಮತ್ತ ಕೇಳಿದ್ರು.”

ರೋಣದಲ್ಲಿ ಬ್ಯಾಟರಿ ಬೈಕ್ ಮಾರುವ ಆರಿಫನಿಗೆ ಗಿರಾಕಿಗಳ ದನಿ ಅಣಕಿಸುವ ಚಟ. ಎದುರಿಗೆ ನಿಂತವನು ಆ ಹೆಂಗಸಿನ ಗಂಡನೆಂದು ಅವನಿಗೇನು ಗೊತ್ತು. ಜಕ್ಕಲಿಯ ದೇವಿಕಾ ಕೊಂಡಂಥದೇ ಗಾಡಿ ತನಗೂ ಬೇಕೆಂದು ಕಳಕೇಶ ಸುಳ್ಳು ಹೇಳಿದ್ದ. ಹೆಂಡತಿ ಈ ಅಂಗಡಿಯ ಮೆಟ್ಟಿಲು ಇಳಿದದ್ದನ್ನು ಯಾರೋ ಕಂಡು ಹೇಳಿದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಆರಿಫ ಹುರುಪಿನಿಂದ ಎಲ್ಲ ಹೇಳಿದ. ಅಗ್ಗದ್ದು ಬೇಕೆಂದಳಂತೆ, ಆದರೆ ಸಣ್ಣ ಗಾಲಿಯದನ್ನು ಕಂಡ ಕೂಡಲೇ ತಲೆ ಅಲ್ಲಾಡಿಸಿದಳಂತೆ. ಎರೆಮಣ್ಣಿನ ಹೊಲದ ದಾರಿಯಲ್ಲಿ ಅದು ಹೂತುಹೋಗುತ್ತದೆ. ದಪ್ಪ ಗಾಲಿಯದಕ್ಕೆ ಮುಂದೆ ಮಾತ್ರ ಸ್ಪ್ರಿಂಗ್. ಅವನಿಗೆ ಓಡಿಸಲು ಹೇಳಿ, ತಾನು ಹಿಂದೆ ಕೂತು, ಬೇಕೆಂದೇ ಕಲ್ಲಿನ ಮೇಲೆ ಹಾಯಿಸಿ, ಇಳಿದು ಅದನ್ನೂ ಬೇಡವೆಂದಳು. ಕೊನೆಗೆ ಒಪ್ಪಿದ್ದು ಹಿಂದೆಯೂ ಮುಂದೆಯೂ ಸ್ಪ್ರಿಂಗಿದ್ದ ಹೋದ ವರ್ಷದ ಗಾಡಿ. ಬಣ್ಣ ಕಿತ್ತುಹೋಗಿತ್ತು, ಅದಕ್ಕೇ ಅಗ್ಗ. ಓಡಿಸುವುದನ್ನೂ ಇಲ್ಲೇ ಕಲಿತಳು.

“ಹಿಂದ ಕುಂದ್ರೋರಿಗೆ ಸೊಂಟ ಭಾಳ ನೋವೈತ್ರಿ, ಒಂಚೂರೂ ಕುಲುಕಬಾರದು.” ದೇವಿಕಾಳ ಮೆಲುದನಿಯನ್ನು ಆರಿಫ ಹುಬೇಹೂಬು ತೆಗೆದ. “ಗಜೇಂದ್ರಗಡ ಮುಟ್ಟೂತನಕ ಚಾರ್ಜ್ ಇರತೈತಿಲ್ರಿ?”

“ತಿರುಗಿ ಬರಾಕ?” ಎಂದ ಕಳಕೇಶ.

“ಬರೂದು ಕೇಳಲೇ ಇಲ್ರಿ. ಅಮಾಸಿ ಮುಂಜಾನೆ ಮನಿ ಹಿತ್ತಲಕ್ಕ ತಂದು ಕೊಡು ಅಂದಾರ.”

ಸಸ್ಪೆನ್ಶನ್ ಗಾಡಿಯಲ್ಲಿತ್ತು, ಸಸ್ಪೆನ್ಸ್ ಕಳಕೇಶನ ಹೊಟ್ಟೆಯಲ್ಲಿ.

ಸೊಂಟ ನೋವು. ಊರಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ತಿರುಗುವವನು ಟ್ರ್ಯಾಕ್ಟರ್ ಶಿವನಪ್ಪ. ದೇವಿಕಾಳನ್ನು ಅಕ್ಕಾರ ಅಕ್ಕಾರ ಎಂದು ಕರೆದು ನಾಟಕ ಆಡುವವನು. ಬಸ್ಸಿನಲ್ಲಿ ಓಡಿಹೋಗಲಾರರು, ನಿಲ್ದಾಣದ ಎದುರಿಗೇ ಕಳಕೇಶನ ಪಾನಂಗಡಿ. ಅದಕ್ಕೇ ಹೊಲದ ದಾರಿ. ಅದಕ್ಕೇ ಸಪ್ಪಳವಿಲ್ಲದ ಗಾಡಿ. ಅದೂ ಅವ್ವನ ತವರೂರಾದ ಗಜೇಂದ್ರಗಡಕ್ಕೇ ಓಡಬೇಕೆ? ಸೋದರಮಾವಂದಿರ ಎದುರು ಅವನ ಮಾನ ಉಳಿಯುವುದೆ?

ಗಾಡಿಯ ಸುದ್ದಿ ಎತ್ತದೆ ಅವನು ಮನೆ ಹೊಕ್ಕ. ದೇವಿಕಾ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಹೋದ ತಿಂಗಳು ಅವನು ಒಡೆದ ಬಳೆಗಳ ಜಾಗ ಇನ್ನೂ ಬರಿದು. ಅವ್ವ ಮಾನವ್ವ ಮೂಲೆಯಲ್ಲಿ ಕೌದಿ ಹೊದ್ದು ಮಲಗಿದ್ದಳು. ಕಟ್ಟೆಯಿಂದ ಜಾರಿ ಬಿದ್ದೆನೆಂದು ಓಣಿಗೆಲ್ಲ ಹೇಳಿದಾಗಿನಿಂದ ಅವಳು ಹೆಚ್ಚು ಏಳುತ್ತಿರಲಿಲ್ಲ. ಕೊರಳಲ್ಲಿ ಬೋರಮಾಳ ಕಾಣಲಿಲ್ಲ. ಕೇಳಿದರೆ, ಪೋಣಿಸಿಕೊಂಡು ಬಾ ಎಂದು ಸೊಸೆಯ ಕೈಗೆ ಕೊಟ್ಟೆ ಎಂದಳು. ಕಳ್ಳಿಯ ಕೈಗೇ ಬಂಗಾರ ಕೊಟ್ಟ ಮುದುಕಿಯ ಪೆದ್ದುತನಕ್ಕೆ ಕಳಕೇಶ ಹಲ್ಲು ಕಡಿದ.

ಎಳ್ಳ ಅಮಾವಾಸ್ಯೆ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ ಅಲ್ಲೇ ಉಣ್ಣುವ ದಿನ. ಓಣಿಯ ಮನೆಗಳೆಲ್ಲ ಖಾಲಿ. ಓಡಿಹೋಗುವವರು ದಿನ ಹುಡುಕಿಯೇ ಹುಡುಕಿದ್ದಾರೆ, ಎಂದುಕೊಂಡ. ಅಂಗಡಿಗೆಂದು ಹೇಳಿ ಹೊರಟವನು ಹೊಲದ ದಾರಿಯ ಬೇವಿನ ಮರೆಯಲ್ಲಿ ನಿಂತ. ಕೈಯಲ್ಲಿ ಬಡಿಗೆ.

ಗಾಡಿ ಕೇಳಿಸಲಿಲ್ಲ, ಕಾಣಿಸಿತು. ದಪ್ಪ ಗಾಲಿಗಳು ಎರೆಮಣ್ಣನ್ನು ಮೆತ್ತಗೆ ತುಳಿಯುತ್ತ ಬಂದವು. ಮುಂದೆ ದೇವಿಕಾ. ಹಿಂದೆ ಅವಳ ಸೊಂಟ ತಬ್ಬಿ, ತಲೆತನಕ ಕೌದಿ ಹೊದ್ದ ಆಕೃತಿ. ಕೌದಿಯೂ ತನ್ನ ಮನೆಯದೇ! ಕಳಕೇಶ ದಾರಿಗೆ ಹಾರಿ ಬಡಿಗೆ ಎತ್ತಿದ.

“ಇಳಿಯಲೇ ಶಿವನ್ಯಾ.”

ದೇವಿಕಾ ಬ್ರೇಕ್ ಹಿಡಿದಳು. ಅವನ ಕೂಗಿಗೆ ದಾರಿಯ ಎರಡೂ ಕಡೆ ಜೋಳದ ನಡುವಿನಿಂದ ತಲೆಗಳೆದ್ದವು. ಬುತ್ತಿ ಬಿಚ್ಚಿ ಕೂತಿದ್ದ ಇಡೀ ಊರು. ಅವುಗಳಲ್ಲಿ ಒಂದು ತಲೆ ಶಿವನಪ್ಪನದು, ಬಾಯಲ್ಲಿ ಇನ್ನೂ ಸಜ್ಜೆ ರೊಟ್ಟಿ.

ಕೌದಿ ಸರಿಯಿತು.

“ಎಲ್ಲಾರೂ ಕೇಳ್ರಿ,” ಎಂದಳು ಕಳಕೇಶನ ಅವ್ವ, ಮಗನ ಕೈಯ ಬಡಿಗೆಯತ್ತ ಬೆರಳು ಮಾಡಿ, “ನಾ ಕಟ್ಟಿಯಿಂದ ಜಾರಿ ಬಿದ್ದಿದ್ದಿಲ್ಲ.”