ಕೋಳಿ ಮುಚ್ಚುವ ಹೊತ್ತು

"ಎಲ್ಲಿದೆಯಮ್ಮಾ ನಿನ್ನ ಮನೆ?" ಎಂದು ಸಾಹೇಬರು ಕೇಳಿದರು.

ದೊಡ್ಡಮುನಿಯಮ್ಮ ಕೈ ತೋರಿಸಿದಳು. ಅಲ್ಲಿ ಹೊಸದಾಗಿ ಉತ್ತ ಹೊಲವಿತ್ತು, ಅಷ್ಟೇ. ಬೆಳಗಿನವರೆಗೂ ಅದೇ ಜಾಗದಲ್ಲಿ ಅವಳ ಗುಡಿಸಲಿತ್ತು. ಮದುವೆಯಾಗಿ ಬಂದು ಒಲೆ ಹೂಡಿದ್ದು, ಗಂಡನ ಹೆಣ ಹೊರಗೆ ಕಳಿಸಿದ್ದು ಎಲ್ಲ ಅಲ್ಲಿಂದಲೇ. ಬೇರೆಯವರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡು ಕೂಲಿ ಮಾಡುವವರಿಗೆ ಆ ಗುಡಿಸಲಿನ ನೆಲ ಸೇರಬೇಕೆಂದು ಕಾನೂನು ಬಂದಾಗ ಅವಳೂ ಅರ್ಜಿ ಹಾಕಿದ್ದಳು. ಇವತ್ತು ಸ್ಥಳ ನೋಡಲು ಕೋಲಾರದಿಂದ ಸಾಹೇಬರು ಬರುತ್ತಾರೆಂದು ಹುತ್ತೂರಿನ ಸುತ್ತೆಲ್ಲ ಗೊತ್ತಿತ್ತು. ಜಮೀನಿನ ಯಜಮಾನ ಶ್ರೀನಿವಾಸಪ್ಪನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಬೆಳಕು ಹರಿಯುತ್ತಲೇ ಆಳುಗಳನ್ನು ಬಿಟ್ಟು ಗೋಡೆ ಕೆಡವಿಸಿದ, ಮಣ್ಣು ಹುಲ್ಲು ಗಾಡಿಗೆ ತುಂಬಿಸಿ ತಿಪ್ಪೆಗೆ ಸುರಿಸಿದ, ಮೇಲೆ ನೇಗಿಲು ಹೊಡೆಸಿದ. ಎಂಥಾ ಎದೆ ನೋಡಿ! ಬೆಳಗ್ಗೆ ಬರಬೇಕಿದ್ದ ಜೀಪು ದಾರಿಯಲ್ಲಿ ಕೆಟ್ಟು ಸಂಜೆಗೆ ಬಂತು.

"ಮನೆ ಎಲ್ಲಿಂದ ಬರ್ಬೇಕು ಸ್ವಾಮಿ?" ಶ್ರೀನಿವಾಸಪ್ಪ ನಕ್ಕ. "ನಮ್ಮ ತಾತನ ಕಾಲದಿಂದ ಇಲ್ಲಿ ರಾಗಿ ಬೆಳೀತಾ ಇದೀವಿ. ಇವಳು ಕೂಲಿಗೆ ಬರ್ತಾಳೆ, ಹೋಗ್ತಾಳೆ. ಯಾರೋ ತಲೆ ಕೆಡಿಸವ್ರೆ, ಪಾಪ."

"ಅಯ್ಯೋ ದೇವುಡಾ! ನೀವು ಹೂಂ ಅಂದಿದ್ದಕ್ಕೇ ಅಲ್ವಾ ಗೌಡ್ರೇ ನಾವಿಲ್ಲಿ ಕಟ್ಕೊಂಡಿದ್ದು?"

ಸಾಹೇಬರು ಪಕ್ಕದ ಹೊಲದ ಗಂಗುಲಪ್ಪನ ಕಡೆ ತಿರುಗಿದರು. ಅವಳ ಗುಡಿಸಲಿಗೆ ಮಾಡು ಏರಿಸುವಾಗ ಹೆಗಲು ಕೊಟ್ಟವನು ಅವನೇ. ಆದರೆ ಅವನ ಹಿಪ್ಪುನೇರಳೆಗೆ ನೀರು ಬರುವುದು ಶ್ರೀನಿವಾಸಪ್ಪನ ಬಾವಿಯಿಂದ.

"ನಂಗೊತ್ತಿಲ್ಲ ಸ್ವಾಮಿ," ಎಂದು ಅವನು ತಲೆ ತಗ್ಗಿಸಿದ.

"ನೀನೂ ಹಿಂಗಂತೀಯಾ ಗಂಗುಲಣ್ಣಾ?"

ಸಾಹೇಬರೇನು ಕೆಟ್ಟವರಲ್ಲ. "ಕಾನೂನು ನಿನ್ನ ಪರವಾಗೇ ಇದೆಯಮ್ಮ. ಮನೆ ಇದ್ದಿದ್ರೆ ಈ ಜಾಗ ನಿನ್ನದಾಗ್ತಿತ್ತು. ಮಾರೋ ಹಾಗಿಲ್ಲ, ಇರೋಕೆ ಮಾತ್ರ. ಆದ್ರೆ ಕಣ್ಣಿಗೆ ಕಾಣದ ಮನೇನ ನಾನು ಹೆಂಗೆ ಬರೀಲಿ?" ಎಂದರು.

"ಮನೆ ಅಂದ್ರೆ ಇರೋಕೇ ಅಲ್ವಾ ಸ್ವಾಮಿ? ಮಾರ್ಕೊಂಡು ನಾನೆಲ್ಲಿಗೆ ಹೋಗ್ಲಿ?" ಅವಳಿಗೆ ಅಳು ಉಕ್ಕಿ ಬಂತು. ಬದುವಿನ ಮೇಲೆ ಕುಸಿದು ಕೂತಳು.

ಹೊತ್ತು ಮುಳುಗಿತು. ಸಾಹೇಬರು ಜೀಪಿನ ಕಡೆ ಹೆಜ್ಜೆ ಹಾಕುವಾಗ ಹಿಪ್ಪುನೇರಳೆ ಸಾಲಿನಿಂದ ಒಂದು ಕೆಂಚು ಹೇಂಟೆ ಹೊರಗೆ ಬಂತು, ಹಿಂದೆ ಅದರ ಮರಿಗಳು, ಅವುಗಳ ಹಿಂದೆ ಹುಂಜ. ಬೆಳಗ್ಗೆ ಎತ್ತುಗಳಿಗೆ ಹೆದರಿ ಓಡಿದ್ದ ದೊಡ್ಡಮುನಿಯಮ್ಮನ ಕೋಳಿಗಳು. ಮಣ್ಣಿನ ಹೆಂಟೆಗಳ ಮೇಲೆ ಎಡವುತ್ತಾ ನೆಟ್ಟಗೆ ಬಂದು, ಉತ್ತ ಹೊಲದ ನಡುವೆ ಒಂದೇ ಕಡೆ ಗುಂಪಾಗಿ ಕೂತು ಕತ್ತು ಒಳಗೆಳೆದುಕೊಂಡವು.

"ಹುಶ್! ಹುಶ್!" ಶ್ರೀನಿವಾಸಪ್ಪ ಟವೆಲು ಬೀಸಿದ. ಕೋಳಿಗಳು ಅರಚಿಕೊಂಡು ಎದ್ದವು, ಒಂದು ಸುತ್ತು ಹಾಕಿ ಅಲ್ಲೇ ಕೂತವು. ಮಣ್ಣಿನ ಹೆಂಟೆ ಎತ್ತಿ ಎಸೆದ. ಮತ್ತೆ ಎದ್ದು ಮತ್ತೆ ಅಲ್ಲೇ ಕೂತವು. ಅಷ್ಟು ದೊಡ್ಡ ಹೊಲದಲ್ಲಿ ಅವಕ್ಕೆ ಬೇರೆ ಜಾಗವೇ ಬೇಕಿರಲಿಲ್ಲ.

"ಅಲ್ಲೇ ಯಾಕೆ ಕೂರ್ತಾವೆ?" ಸಾಹೇಬರು ಕೇಳಿದರು.

"ಕೋಳಿ ಅಲ್ವಾ ಸ್ವಾಮಿ, ಅವಕ್ಕೆಲ್ಲಿ ಬುದ್ಧಿ?" ಎಂದ ಶ್ರೀನಿವಾಸಪ್ಪ. ಈ ಸಲ ಅವನಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಗಂಗುಲಪ್ಪ ಅಲ್ಲಿಂದ ಕಾಣೆಯಾಗಿದ್ದ. ತನ್ನ ಮನೆ ಕಡೆಯಿಂದ ವಾಪಸು ಬರುವಾಗ ಅವನ ತಲೆ ಮೇಲೆ ಕೋಳಿ ಮುಚ್ಚುವ ಬಿದಿರಿನ ಮಂಕರಿ ಇತ್ತು. ಯಾರ ಮುಖವನ್ನೂ ನೋಡದೆ ಹೊಲಕ್ಕಿಳಿದು, ಮಂಕರಿಯನ್ನು ಕೋಳಿಗಳ ಮೇಲೆ ಕವುಚಿ, ನರಿ ಉರುಳಿಸದ ಹಾಗೆ ಮೇಲೊಂದು ಕಲ್ಲು ಹೇರಿದ.

"ಯಾರದಯ್ಯಾ ಅದು ಮಂಕರಿ?" ಎಂದರು ಸಾಹೇಬರು.

ಗಂಗುಲಪ್ಪ ಒಂದು ಸಲ ಬಾವಿಯ ಕಡೆ ನೋಡಿದ.

"ಬೆಳಗ್ಗೆ ಗಾಡಿಗೆ ತುಂಬ್ತಿದ್ರು, ನಾನು ಎತ್ತಿಟ್ಕೊಂಡಿದ್ದೆ," ಎಂದ. "ಈ ಮನೆಯೋರ್ದೇ ಸ್ವಾಮಿ."